ಸೀಟು ಕೊಟ್ಟು ನಮ್ಮ ಮಕ್ಕಳ ಕೈ ಬಿಡಬೇಡಿ!

ಬಾಣಸವಾಡಿಯ ತಂದೆ ತಾಯಂದಿರೇ! ಲಿಂಗರಾಜಪುರ, ಕಮ್ಮನಹಳ್ಳಿ, ಸುಬ್ಬಯ್ಯನಪಾಳ್ಯ, ಕಾಚರಕನಹಳ್ಳಿ, ಹೊರಮಾವಿನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ!

ನಿಮ್ಮ ಮನೆಯಲ್ಲಿ ಈ ವರ್ಷ ಪಿಯುಸಿ ಪಾಸಾದ ಮಗು ಇದೆಯೇ? ಪಕ್ಕದ ಮನೆಯಲ್ಲಿ ಇದೆಯೇ? ಹಾಗಾದರೆ ಈ ಕಾಗದ ಮಡಚಿ ಎಸೆಯಬೇಡಿ. ನಿಂತು ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಹೋದ ವರ್ಷವೂ ರಿಸಲ್ಟ್ ಬಂದ ದಿನ ನೀವು ಸಿಹಿ ಹಂಚಿದಿರಿ. ಸಾಲ ಮಾಡಿ ಫೀಸು ಕಟ್ಟಿದಿರಿ. ಓಲೆ ಅಡವಿಟ್ಟ ತಾಯಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ ಎಂದು ಎದೆಯುಬ್ಬಿಸಿ ಹೇಳಿಕೊಂಡೆವು.

ಆಮೇಲೇನಾಯಿತು? ಗಣೇಶನ ಹಬ್ಬ ಮುಗಿಯುವಷ್ಟರಲ್ಲಿ ಮಗಳು ಮಾತು ಕಡಿಮೆ ಮಾಡಿದಳು. ದಸರಾ ಹೊತ್ತಿಗೆ ತಲೆನೋವು, ಹೊಟ್ಟೆನೋವು ಎಂದು ರಜೆ ಹಾಕತೊಡಗಿದಳು. ದೀಪಾವಳಿಗೆ ಒಂದೇ ಮಾತು: "ಅಮ್ಮಾ, ನಂಗೆ ಕಾಲೇಜು ಬೇಡ."

ನಾವು ಏನಂದೆವು? ಮೊಬೈಲ್ ನೋಡಿ ಕೆಟ್ಟಳು ಎಂದೆವು. ಸಹವಾಸ ಸರಿಯಿಲ್ಲ ಎಂದೆವು. ಓದುವ ಆಸೆ ಇಲ್ಲ ಎಂದು ಬೈದೆವು. ಆಸೆ ಇಲ್ಲದ ಮಗು ಹನ್ನೆರಡು ವರ್ಷ ಓದಿ ಪಾಸಾಗಿ ಬರುತ್ತದೆಯೇ? ಮಗು ಕೆಡಲಿಲ್ಲ. ಮಗುವನ್ನು ಕಾಲೇಜಿನ ಗೇಟಿನ ಒಳಗೆ ಒಂಟಿಯಾಗಿ ಬಿಟ್ಟುಬಿಟ್ಟರು!

ಒಬ್ಬ ತಾಯಿಯನ್ನು ನಾವು ಕಣ್ಣಾರೆ ಕಂಡೆವು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗಳ ಕಾಲೇಜಿನಲ್ಲಿ 'ಓರಿಯೆಂಟೇಶನ್' ಇದೆ, ಪಾಲಕರು ಬರಲೇಬೇಕು ಎಂದು ವಾಟ್ಸಾಪ್ ಬಂತು. ವಾರದ ದಿನ, ಬೆಳಿಗ್ಗೆ ಹತ್ತಕ್ಕೆ! ಅರ್ಧ ದಿನದ ಸಂಬಳ ಹೋದರೂ ಹೋಗಲಿ ಎಂದು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಮಾರ್ಕ್ಸ್ ಕಾರ್ಡ್, ಟಿಸಿ, ಕ್ಯಾಸ್ಟ್ ಸರ್ಟಿಫಿಕೇಟ್, ರೇಷನ್ ಕಾರ್ಡಿನ ಜೆರಾಕ್ಸ್.

ದೊಡ್ಡ ಹಾಲ್. ಕೊನೆ ಸಾಲಿನಲ್ಲಿ ಜಾಗ. ವೇದಿಕೆಯಲ್ಲಿ ದೀಪ ಹಚ್ಚಿದರು, ಶಾಲು ಹೊದಿಸಿದರು. ಗಂಟೆಗಟ್ಟಲೆ ಇಂಗ್ಲಿಷ್. ಡ್ರೆಸ್ ಕೋಡ್, ಪ್ಲೇಸ್‌ಮೆಂಟ್, ಪ್ಯಾಕೇಜ್, ಕ್ಯಾಂಪಸ್ ವಿಡಿಯೊ. ತಾಯಿ ಒಂದೇ ಒಂದು ವಿಷಯ ಕೇಳಬೇಕೆಂದಿದ್ದರು: ಫೀಸು ಕಂತಿನಲ್ಲಿ ಕಟ್ಟಬಹುದೇ, ಸ್ಕಾಲರ್‌ಶಿಪ್‌ಗೆ ಯಾರ ಹತ್ತಿರ ಹೋಗಬೇಕು? ಮೈಕು ಅವರ ಕಡೆ ಬರಲೇ ಇಲ್ಲ. ಚಹಾ, ಬಿಸ್ಕತ್ತು, ಮುಗಿಯಿತು. ಹೊರಗೆ ಬಂದು ಗೇಟಿನ ಸೆಕ್ಯುರಿಟಿಯವರನ್ನು ಕೇಳಿದರು: "ಅಣ್ಣಾ, ಸ್ಕಾಲರ್‌ಶಿಪ್ ಆಫೀಸು ಎಲ್ಲಿದೆ?" ಅವರಿಗೂ ಗೊತ್ತಿಲ್ಲ!

ಇದನ್ನು ಸ್ವಾಗತ ಎನ್ನಬೇಕೇ? ಅರ್ಧ ದಿನದ ಕೂಲಿ ಹೋಯಿತು. ತಂದ ಪ್ರಶ್ನೆ ಹಾಗೇ ಮನೆಗೆ ಹೋಯಿತು.

ಆ ಮಗಳ ಸ್ಕಾಲರ್‌ಶಿಪ್ ಕಥೆಯನ್ನೂ ಕೇಳಿ. ನಿಮ್ಮ ಮನೆಯ ಕಥೆಯೂ ಇದೇ ಇರಬಹುದು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣ ಪತ್ರಗಳ ಆರ್‌ಡಿ ನಂಬರ್ ಬೇಕು. ಅದಕ್ಕೆ ನಾಡಕಚೇರಿ ಅಲೆದಾಟ. ದಾಖಲೆಗಳಿಗೆ ಕಾಲೇಜಿನವರೇ ಇ-ಅಟೆಸ್ಟೇಶನ್ ಮಾಡಿ ಕೊಡಬೇಕು. ಆ ಕೆಲಸ ಮಾಡುವ ಗುಮಾಸ್ತರು ಯಾವ ರೂಮಿನಲ್ಲಿ ಕೂರುತ್ತಾರೆ ಎಂದು ಹುಡುಗಿಗೆ ತಿಳಿಯುವಷ್ಟರಲ್ಲಿ ತಿಂಗಳು ಕಳೆದಿತ್ತು.

ಸೈಬರ್ ಸೆಂಟರ್‌ನಲ್ಲಿ ಕ್ಯೂ ನಿಂತಳು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ. ಹೆಸರು ಹೊಂದುತ್ತಿಲ್ಲ! ಅದು ಸರಿಯಾದ ಮೇಲೆ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಪಾಸ್‌ಬುಕ್ ಇದ್ದರೆ ಸಾಲದು, ಆ ಜೋಡಣೆ ಆಗದಿದ್ದರೆ ದುಡ್ಡು ಖಾತೆಗೆ ಬೀಳುವುದಿಲ್ಲ ಎಂದು ಆ ಮಗುವಿಗೆ ಮೊದಲೇ ಹೇಳಿದವರು ಯಾರು? ಯಾರೂ ಇಲ್ಲ! ಕೊನೆಯ ದಿನ ದಾಟಿತು. ಆ ವರ್ಷದ ಹಣ ಹೋಯಿತು. ಬಡ್ಡಿ ಮಾತ್ರ ಬೆಳೆಯಿತು.

ಎರಡೇ ಸಾಲು ಸಾಕಿತ್ತು! ಜೂನ್ ತಿಂಗಳಲ್ಲಿ ಯಾರಾದರೂ ಕೂರಿಸಿಕೊಂಡು ಎರಡು ಸಾಲು ಹೇಳಿದ್ದರೆ ಸಾಕಿತ್ತು!

ಇನ್ನು ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗರ ಸಂಕಟ. ಪಿಯುಸಿಯಲ್ಲಿ ಸವಕಳಿ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದ ಹುಡುಗ ಬಿಕಾಂ ಮೊದಲ ವಾರದಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಲೆಕ್ಕ ಅವನಿಗೆ ಬರುತ್ತದೆ, ಮೇಷ್ಟ್ರ ಇಂಗ್ಲಿಷ್ ಓಟ ಹಿಡಿಯಲು ಬರುತ್ತಿಲ್ಲ. ಕೈ ಎತ್ತಿ ಕೇಳಿದರೆ ಹಿಂದಿನ ಬೆಂಚು ನಗುತ್ತದೆ. ಒಮ್ಮೆ ನಕ್ಕರೆ ಸಾಕು. ಆ ಹುಡುಗ ಮತ್ತೆ ಕೈ ಎತ್ತುವುದಿಲ್ಲ.

ತರಗತಿಯ ಭಾಷೆ ಇಂಗ್ಲಿಷ್ ಆಗಿದ್ದರೂ ಪರೀಕ್ಷೆಯನ್ನು ತಾಯ್ನುಡಿಯಲ್ಲಿ ಬರೆಯಲು ಬಿಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ನಿಮ್ಮ ಮಗನಿಗೆ ಇದನ್ನು ಹೇಳಿದವರುಂಟೇ? ನಿಮ್ಮ ಕಾಲೇಜಿನಲ್ಲಿ ಕನ್ನಡದಲ್ಲಿ ಬರೆಯಬಹುದೇ ಎಂದು ಮೊದಲ ದಿನವೇ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಸಂಜೆ ಡೆಲಿವರಿ ಕೆಲಸಕ್ಕೆ ಹೋಗುವ ಹುಡುಗರೂ ನಮ್ಮವರೇ. ರಾತ್ರಿ ಹನ್ನೊಂದಕ್ಕೆ ಬೈಕು ನಿಲ್ಲಿಸಿದ ಮಗು ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಹೇಗೆ ಹೋಗುತ್ತದೆ? ಹಾಜರಾತಿ 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂಬುದು ಹಾಲ್ ಟಿಕೆಟ್ ಕೊಡದೆ ವಾಪಸ್ ಕಳಿಸಿದ ದಿನ ತಿಳಿಯುತ್ತದೆ! ಇಂಟರ್ನಲ್ ಅಂಕವೂ ಫಲಿತಾಂಶಕ್ಕೆ ಸೇರುತ್ತದೆ ಎಂಬುದು ಅಂಕ ಹೋದ ಮೇಲೆ ತಿಳಿಯುತ್ತದೆ!

ಮನೆಯಲ್ಲಿ ಅಣ್ಣನೋ ಅಕ್ಕನೋ ಓದಿದ್ದರೂ ಕಷ್ಟ ತಪ್ಪಿಲ್ಲ. 2021ರಲ್ಲಿ ರಾಜ್ಯ ಸರ್ಕಾರದವರು ನಾಲ್ಕು ವರ್ಷದ ಪದವಿ ತಂದರು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಿದರು. ಅಕ್ಕ ಓದಿದ ವಿಷಯಗಳ ಪಟ್ಟಿಯೇ ಬೇರೆ, ತಮ್ಮನ ಪಟ್ಟಿಯೇ ಬೇರೆ. ಅಡ್ಮಿಷನ್‌ನಿಂದ ಪರೀಕ್ಷೆ ಫೀಸಿನವರೆಗೆ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆ. ಪಾಸ್‌ವರ್ಡ್ ಸೈಬರ್ ಸೆಂಟರ್‌ನವರ ಹತ್ತಿರ, ಒಟಿಪಿ ಹೋಗುವುದು ಅಪ್ಪನ ಹಳೇ ನಂಬರಿಗೆ. ಹದಿನೆಂಟು ವರ್ಷದ ಮಗು ಇದನ್ನೆಲ್ಲ ಒಬ್ಬಂಟಿಯಾಗಿ ಬಿಡಿಸಬೇಕೇ?

ಬಂಧುಗಳೇ, ನಾವು ಭಿಕ್ಷೆ ಕೇಳುತ್ತಿಲ್ಲ. ಈ ನೆರವು ಮಕ್ಕಳ ಹಕ್ಕು. ಹೊಸ ವಿದ್ಯಾರ್ಥಿಗಳನ್ನು ಕಾಲೇಜು ಹೇಗೆ ಬರಮಾಡಿಕೊಳ್ಳಬೇಕು ಎಂದು ಯುಜಿಸಿ 2019ರಲ್ಲಿ 'ದೀಕ್ಷಾರಂಭ್' ಎಂಬ ಕೈಪಿಡಿಯನ್ನೇ ಹೊರಡಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಮೂರು ವಾರಗಳ ಇಂಡಕ್ಷನ್ ಗೊತ್ತುಮಾಡಿದೆ. ಮೂರು ವಾರ! ನಮ್ಮ ಡಿಗ್ರಿ ಮಕ್ಕಳಿಗೆ ಸಿಗುತ್ತಿರುವುದು ಒಂದು ಬೆಳಗಿನ ಭಾಷಣ, ಒಂದು ಕಪ್ ಚಹಾ.

ಕಾಲೇಜುಗಳಿಗೇನು ಕೊರತೆ? ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ, ಒಂದು ಲಕ್ಷ ಯುವಜನರಿಗೆ 66 ಕಾಲೇಜುಗಳಿರುವ ಕರ್ನಾಟಕವೇ ದೇಶಕ್ಕೆ ಮೊದಲು. ನಮ್ಮ ರಿಂಗ್ ರೋಡಿನ ಇಕ್ಕೆಲದಲ್ಲೂ ಕಾಲೇಜಿನ ಬೋರ್ಡುಗಳೇ! ಕಟ್ಟಡ ಇದೆ, ಬೋರ್ಡು ಇದೆ, ಬಸ್ಸಿನ ಮೇಲೆ ಜಾಹೀರಾತು ಇದೆ. ಒಳಗೆ ಬಂದ ಬಡವರ ಮಗುವಿನ ಹೆಸರು ಹಿಡಿದು ಕರೆದು, "ಬಾಮ್ಮಾ, ಏನು ಕಷ್ಟ?" ಎಂದು ಕೇಳುವವರು ಒಬ್ಬರೂ ಇಲ್ಲ.

ಹಿಂದೆ ಇಲ್ಲಿ ಹೀಗಿರಲಿಲ್ಲ. ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ ಎಂಬ ವ್ಯಾಪಾರಿ ನಮ್ಮದೇ ದಂಡು ಪ್ರದೇಶದಲ್ಲಿ 1873ರಲ್ಲಿ ಮಕ್ಕಳ ಓದಿಗಾಗಿ ದಾನ ಸಂಸ್ಥೆ ಕಟ್ಟಿದರು. ಆರ್‌ಬಿಎಎನ್‌ಎಂ ಹೆಸರಿನ ಶಾಲೆ ಕಾಲೇಜುಗಳು ಇಂದಿಗೂ ಹಲಸೂರು ಕೆರೆಯ ಬಳಿ ನಡೆಯುತ್ತಿವೆ. ಊರಿನ ಮಕ್ಕಳ ಓದು ಊರಿನ ಹೊಣೆ ಎಂದು ನಂಬಿದ ಜನ ಈ ನೆಲದಲ್ಲೇ ಇದ್ದರು. ನಮಗೆ ಅಷ್ಟು ಹಣವಿಲ್ಲ. ಆದರೆ ನಮಗೆ ಭಾನುವಾರಗಳಿವೆ!

ಹೌದು, ಭಾನುವಾರಗಳು! 2024ರಲ್ಲಿ ಏಪ್ರಿಲ್ 10ಕ್ಕೆ, 2025ರಲ್ಲಿ ಏಪ್ರಿಲ್ 8ಕ್ಕೆ ಪಿಯುಸಿ ರಿಸಲ್ಟ್ ಬಂತು. ಡಿಗ್ರಿ ಕ್ಲಾಸು ಶುರುವಾಗುವುದು ಮಳೆಗಾಲ ಹಿಡಿದ ಮೇಲೆ. ನಡುವಿನ ಈ ತಿಂಗಳುಗಳಲ್ಲಿ ಉಳ್ಳವರ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ, ಇಂಗ್ಲಿಷ್ ಮಾತು ರೂಢಿ ಮಾಡಿಕೊಳ್ಳುತ್ತಾರೆ, ಅಪ್ಪನ ಕಾರಿನಲ್ಲಿ ಹೋಗಿ ಕಾಲೇಜು ನೋಡಿ ಬರುತ್ತಾರೆ. ನಮ್ಮ ಮಕ್ಕಳು ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುತ್ತಾರೆ, ಕೇಟರಿಂಗ್‌ನಲ್ಲಿ ಎಲೆ ಎತ್ತುತ್ತಾರೆ. ದುಡಿಯಲಿ, ತಪ್ಪಿಲ್ಲ. ಆದರೆ ವಾರಕ್ಕೆ ಎರಡು ಗಂಟೆ ಕಾಲೇಜಿಗಾಗಿ ತೆಗೆದಿಡೋಣ!

ಡಿಗ್ರಿ ಎರಡನೇ ವರ್ಷ, ಮೂರನೇ ವರ್ಷದಲ್ಲಿರುವ ಅಕ್ಕಂದಿರೇ, ಅಣ್ಣಂದಿರೇ! ಮೊದಲ ಕೂಗು ನಿಮಗೇ. ನೀವು ಬಿದ್ದ ಗುಂಡಿ ನಿಮಗೆ ಗೊತ್ತು. ನಿಮ್ಮ ಬೀದಿಯ ಇಬ್ಬರು ಹೊಸ ಮಕ್ಕಳ ಹೊಣೆ ಹೊತ್ತುಕೊಳ್ಳಿ. ಇಬ್ಬರೇ ಸಾಕು! ಭಾನುವಾರ ಬೆಳಿಗ್ಗೆ ಕೂರಲು ದೇವಸ್ಥಾನದ ಅಂಗಳವಾಗಲಿ, ಚರ್ಚಿನ ಹಾಲ್ ಆಗಲಿ, ಮಸೀದಿಯ ಜಗುಲಿಯಾಗಲಿ, ಯಾರದೋ ಮನೆಯ ಟೆರೇಸ್ ಆಗಲಿ. ಕನ್ನಡ, ತಮಿಳು, ತೆಲುಗು, ಉರ್ದು, ಮನೆಯಲ್ಲಿ ಯಾವ ಮಾತು ಆಡುತ್ತಾರೋ ಆ ಮಾತಿನಲ್ಲೇ ಹೇಳಿ.

ಮೊದಲು ಕಾಗದ ಪತ್ರ ಹರಡಿ ನೋಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಖಾತೆ, ಮೂರರಲ್ಲೂ ಹೆಸರು ಒಂದೇ ಇದೆಯೇ? ಇಲ್ಲದಿದ್ದರೆ ಈಗಲೇ ತಿದ್ದಿಸಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿಗೆ ಹೋಗಿ ವಿಚಾರಿಸಿ. ಜಾತಿ, ಆದಾಯ ಪತ್ರಕ್ಕೆ ಇವತ್ತೇ ಅರ್ಜಿ ಹಾಕಿಸಿ. ಪಾಸ್‌ವರ್ಡುಗಳನ್ನು ಮಗುವಿನ ಕೈಯಿಂದಲೇ ಒಂದು ನೋಟ್ ಪುಸ್ತಕದಲ್ಲಿ ಬರೆಸಿ. ಮಗುವಿನ ಹೆಸರಿನಲ್ಲೇ ಒಂದು ಫೋನ್ ನಂಬರ್ ಇರಲಿ.

ಕಾಲೇಜು ತೆರೆಯುವ ಮುಂಚೆ ಒಂದು ದಿನ ಬಿಎಂಟಿಸಿ ಬಸ್ ಹತ್ತಿಸಿ ಕರೆದುಕೊಂಡು ಹೋಗಿ. ಲೈಬ್ರರಿ, ಆಫೀಸು, ಶೌಚಾಲಯ, ಬಸ್ ಸ್ಟಾಪ್ ಎಲ್ಲ ತೋರಿಸಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಬೇಕು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿಸಿ.

ತಂದೆ ತಾಯಂದಿರೇ, ನಿಮಗೊಂದು ಎಚ್ಚರಿಕೆ! "ಒರಿಜಿನಲ್ ಎಲ್ಲ ಇಲ್ಲೇ ಬಿಟ್ಟು ಹೋಗಿ" ಎಂದು ಕಾಲೇಜು ಹೇಳಿದರೆ ತಲೆಯಾಡಿಸಬೇಡಿ. ತಾಳೆ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಆದೇಶಿಸಿದೆ. ಕಟ್ಟಿದ ಒಂದೊಂದು ರೂಪಾಯಿಗೂ ರಸೀದಿ ಕೇಳಿ.

ಸೀನಿಯರ್‌ಗಳು ಪೀಡಿಸಿದರೆ ಮಗು ಬಾಯಿ ಮುಚ್ಚಿಕೊಂಡು ಸಹಿಸಬೇಕಿಲ್ಲ. ರ‍್ಯಾಗಿಂಗ್ ನಮ್ಮ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಶಿಕ್ಷಾರ್ಹ ಅಪರಾಧ. ಸಹಾಯವಾಣಿ 1800-180-5522. ಮಗು ಊಟ ಬಿಟ್ಟು ಮೂಲೆ ಹಿಡಿದಿದ್ದರೆ, ನಿದ್ದೆ ಇಲ್ಲದೆ ಹೊರಳಾಡುತ್ತಿದ್ದರೆ ಬೈಯಬೇಡಿ! ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಎರಡು ನಂಬರ್ ಅಡುಗೆಮನೆ ಗೋಡೆಗೆ ಅಂಟಿಸಿ.

ಇಷ್ಟು ನಮ್ಮ ಕೈಯಲ್ಲಿದೆ. ಉಳಿದದ್ದನ್ನು ಕಾಲೇಜು ಮಾಡಬೇಕು, ಮಾಡಿಸಬೇಕಾದವರು ನಾವು! ಒಬ್ಬರೇ ಹೋದರೆ "ಆಮೇಲೆ ಬನ್ನಿ" ಎನ್ನುತ್ತಾರೆ. ಹತ್ತು ಜನ ಪಾಲಕರು ಒಟ್ಟಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಕೂತರೆ ಕುರ್ಚಿ ಹಾಕಿಸುತ್ತಾರೆ!

ಏನು ಕೇಳಬೇಕು? ಓರಿಯೆಂಟೇಶನ್ ಭಾನುವಾರ ಇಡಿ, ದುಡಿಯುವ ತಾಯಿಯೂ ಬರುವಂತಾಗಲಿ. ಕನ್ನಡದಲ್ಲಿ ಹೇಳಿ. ಪಾಲಕರ ಕೈಗೆ ಮೈಕು ಕೊಡಿ. ಮೊದಲ ತಿಂಗಳು ಗೇಟಿನ ಪಕ್ಕದಲ್ಲೇ ಒಂದು ಮೇಜು ಹಾಕಿ, ಸ್ಕಾಲರ್‌ಶಿಪ್ ತಿಳಿದ ಒಬ್ಬರನ್ನು ಕೂರಿಸಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಆರು ವಾರ ಬ್ರಿಡ್ಜ್ ಕ್ಲಾಸ್ ನಡೆಸಿ, ಅದಕ್ಕೆ ಬೇರೆ ಫೀಸು ಬೇಡ. ಪ್ರತಿ ಮಗುವಿಗೂ ಒಬ್ಬ ಅಧ್ಯಾಪಕರ ಹೆಸರು ಬರೆದುಕೊಡಿ. ಮಗು ಸತತ ಮೂರು ದಿನ ಬರದಿದ್ದರೆ ಅವರು ಮನೆಗೆ ಫೋನ್ ಮಾಡಲಿ. ಹಾಜರಾತಿ ಕಡಿಮೆಯಾಗಿದೆ ಎಂದು ಸೆಮಿಸ್ಟರ್ ಕೊನೆಯಲ್ಲಿ ಹೇಳಿದರೆ ಯಾರಿಗೆ ಏನು ಉಪಯೋಗ?

ಒಪ್ಪಿದ ಮಾತನ್ನು ಬರೆಸಿಕೊಳ್ಳಿ. ಕೊಟ್ಟ ಮನವಿಯ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹದಿನೈದು ದಿನ ಕಾದು ಮತ್ತೆ ಹೋಗಿ. ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೂ ಕಾಲೇಜು ಶಿಕ್ಷಣ ಇಲಾಖೆಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಹೋದ ವರ್ಷ ಕಾಲೇಜು ಬಿಟ್ಟು ಮನೆಯಲ್ಲಿ ಕೂತ ಮಕ್ಕಳನ್ನು ಮರೆಯಬೇಡಿ! ಅವರ ಬಾಗಿಲನ್ನೂ ತಟ್ಟಿ. ಮತ್ತೆ ಸೇರಲು ದಾರಿ ಇದೆಯೇ ಎಂದು ಅವರ ಜೊತೆಗೇ ಹೋಗಿ ಕಾಲೇಜಿನಲ್ಲಿ ವಿಚಾರಿಸಿ. ಸೋತವರು ಎಂದು ಕರೆಯಬೇಡಿ. ಅವರ ಕೈ ಬಿಟ್ಟವರು ನಾವು, ಮತ್ತು ಆ ಕಾಲೇಜುಗಳು.

ಬರುವ ಭಾನುವಾರವೇ ಶುರು ಮಾಡಿ. ನಿಮ್ಮ ಬೀದಿಯಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಬ್ಬ ಅಕ್ಕನ ಅಥವಾ ಅಣ್ಣನ ಹೆಸರು ಬರೆಯಿರಿ. ಈ ಕಾಗದವನ್ನು ಜೆರಾಕ್ಸ್ ಮಾಡಿಸಿ ಪಕ್ಕದ ಬೀದಿಗೆ ಕೊಡಿ!

— ಬಾಣಸವಾಡಿ ಸುತ್ತಮುತ್ತಲಿನ ಪಾಲಕರು ಮತ್ತು ಪದವಿ ವಿದ್ಯಾರ್ಥಿಗಳು