ಬೇಸಿಗೇಲಿ ಹಾಲು ಯಾಕೆ ಇಳಿಯುತ್ತೆ?

ಇಲ್ಲಿ ದುಡಿದ ದುಡ್ಡಲ್ಲಿ ಊರಲ್ಲಿ ಒಂದೆರಡು ಎಚ್‌ಎಫ್ ಹಸು ಕಟ್ಟಿಸಿದವರು ನಮ್ಮಲ್ಲಿ ಬಹಳ ಜನ. ಡೇರಿ ಬಟವಾಡೆಯಲ್ಲೇ ಮನೆ ಖರ್ಚು, ಸಾಲದ ಕಂತು ಎರಡೂ ನಡೆಯಬೇಕು. ಮಾರ್ಚ್ ಕಳೆದರೆ ಹಾಲು ಇಳಿಯುತ್ತೆ. 'ಸರಿಯಾಗಿ ನೋಡ್ಕೊಳ್ತಿಲ್ಲ' ಅಂತ ಮನೆಯವರನ್ನು ಬೈದು ಪ್ರಯೋಜನವಿಲ್ಲ. ಕಾರಣ ಹಸುವಿನ ಮೈಯೊಳಗೇ ಇದೆ.

ಹಸುವಿನ ಮೈಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ತಿಂದ ಮೇವು ಹೊಟ್ಟೆಯಲ್ಲಿ ಹುಳಿಯುವಾಗಲೇ ಬಿಸಿ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಅದರ ಬಿಸಿಯೂ ಹೆಚ್ಚು. ತಂಪು ದೇಶದ ಈ ತಳಿಗೆ 25 ಡಿಗ್ರಿ ದಾಟಿದರೆ ಕಷ್ಟ ಶುರು. ನಮ್ಮ ಹಾಗೆ ಬೆವರಿ ತಣಿಯಲು ಅದಕ್ಕಾಗದು. ಹಳ್ಳಿಕಾರ್‌ನಂಥ ನಾಟಿ ತಳಿ ಇದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಮೊದಲು ಬರುವುದು ಏದುಸಿರು. ಪಕ್ಕೆ ಏಳುವುದನ್ನು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಬಿಸಿಲಿನ ಬಾಧೆ ಇರಬಹುದು. ಕರುಳಿಗೆ ಹೋಗಬೇಕಾದ ರಕ್ತ ಚರ್ಮದ ಕಡೆ ಹರಿಯುತ್ತದೆ. ಮೇವು, ಮೆಲುಕು ಎರಡೂ ಕಡಿಮೆಯಾಗುತ್ತವೆ. ಜೊಲ್ಲು ನೆಲಕ್ಕೆ ಸುರಿಯುತ್ತದೆ. ಹೊಟ್ಟೆಯ ಹುಳಿ ತಡೆಯುವ ಸೋಡಾ ಇರುವುದು ಆ ಜೊಲ್ಲಿನಲ್ಲೇ. ಅಂಥ ಹೊತ್ತಲ್ಲಿ ಇನ್ನಷ್ಟು ಫೀಡು, ಜೋಳದ ಹಿಟ್ಟು ಸುರಿದರೆ ಹುಳಿ ಏರಿ ಫ್ಯಾಟ್ ಇಳಿಯುತ್ತದೆ.

ಹಾಲು ಕಮ್ಮಿಯಾಗಲು ಮೇವು ಬಿಟ್ಟದ್ದೊಂದೇ ಕಾರಣವಲ್ಲ. ಅಮೆರಿಕದಲ್ಲಿ ತಂಪಲ್ಲಿದ್ದ ಹಸುಗಳಿಗೂ ಅಷ್ಟೇ ಕಮ್ಮಿ ಮೇವು ಕೊಟ್ಟು ಹೋಲಿಸಿ ನೋಡಿದ್ದಾರೆ. ಬಿಸಿಯಲ್ಲಿದ್ದ ಹಸುಗಳ ಹಾಲೇ ಹೆಚ್ಚು ಇಳಿದಿತ್ತು.

ನಷ್ಟ ಮಳೆ ಬಂದ ಮೇಲೂ ಮುಗಿಯದು. ಹಸು ಹೀಟಿಗೆ ಬಂದದ್ದು ಗೊತ್ತಾಗುವುದಿಲ್ಲ, ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲುವುದು ಕಡಿಮೆ. ಹಾಲು ಬತ್ತಿಸಿದ ಗಬ್ಬದ ಹಸು ಕೊನೆಯ ಎರಡು ತಿಂಗಳು ಬಿಸಿಲಲ್ಲಿ ನರಳಿದರೆ ಮುಂದಿನ ಸೂಲಿನ ಹಾಲೂ ಕಮ್ಮಿ, ಕರುವೂ ಸಣ್ಣದು.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ನಮ್ಮನ್ನು ಬಿಸಿಲಲ್ಲಿ ದುಡಿಸುವಂತಿಲ್ಲ. ಹಸುವಿಗೆ ಆ ಕಾನೂನು ಮನೆಯವರೇ ಮಾಡಬೇಕು. ಸೌದಿಯ ಅಲ್ ಖರ್ಜ್ ಕಡೆಯ ದೊಡ್ಡ ಫಾರಂಗಳಲ್ಲಿ ಇದೇ ತಳಿಯ ಹಸುಗಳು ಬೇಸಿಗೆ ಕಳೆಯುವುದು ನೆರಳು, ಫ್ಯಾನು, ತುಂತುರು ನೀರಿನ ಬಲದಿಂದ. ನಮ್ಮ ಕೊಟ್ಟಿಗೆಗೆ ಅಷ್ಟೆಲ್ಲ ಬೇಡ:

• ತೊಟ್ಟಿಯಲ್ಲಿ ಹಗಲೂ ರಾತ್ರಿ ನೀರಿರಲಿ. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್ ಮೀರಿ ಕುಡಿಯಬಹುದು.
• ಶೀಟಿನ ಮೇಲೆ ತೆಂಗಿನ ಗರಿ ಹೊದಿಸಲಿ.
• ಮೈಗೆ ನೀರು ಹಾಕಿ ಫ್ಯಾನು ಬಿಡಲಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ನೀರು ಚಿಮುಕಿಸಿದರೆ ಸೆಕೆ ಹೆಚ್ಚುತ್ತದೆ.
• ಹೆಚ್ಚಿನ ಮೇವು ಬೆಳಗಿನ ಜಾವ ಮತ್ತು ರಾತ್ರಿ ಹಾಕಲಿ.
• ಬಾಯಿ ತೆರೆದು, ನಾಲಿಗೆ ಚಾಚಿ ಏದುತ್ತಿದ್ದರೆ ತಕ್ಷಣ ನೆರಳಿಗೆ ಕಟ್ಟಿ, ನೀರು ಹಾಕಿ, ಪಶುವೈದ್ಯರನ್ನು ಕರೆಸಲಿ.

ಇನ್ನೊಂದು ಹಸುವಿಗೆ ದುಡ್ಡು ಕಳಿಸುವ ಮೊದಲು, ಇರುವ ಹಸುವಿಗೆ ಒಂದು ಫ್ಯಾನು, ಒಂದು ತೊಟ್ಟಿಗೆ ಕಳಿಸೋಣ.