ಕತ್ತಿಯ ಮೊನೆಯಲ್ಲಿ

ಖಡ್ಗಗಳ ಝಣತ್ಕಾರ, ಕುದುರೆಗಳ ಖುರಪುಟ, ಗುಟ್ಟಾಗಿ ಸಾಗುವ ಓಲೆಗಳು – ಇವೇ ತುಂಬಿದ ಕಾದಂಬರಿಗಳನ್ನು ಓದಿ ಹಿಗ್ಗುವುದು ಪ್ರಾಯ ಬಲಿತವರಿಗೆ ತಕ್ಕುದಲ್ಲವೆಂದು ನಮ್ಮ ವಿದ್ವನ್ಮಂಡಲಿಯಲ್ಲೊಂದು ಅಭಿಪ್ರಾಯವುಂಟು. ನನಗದು ಸಮ್ಮತವಿಲ್ಲ.

ಅಲೆಕ್ಸಾಂಡರ್ ಡ್ಯೂಮಾನ ‘ತ್ರೀ ಮಸ್ಕೆಟಿಯರ್ಸ್’ ಕೃತಿಯನ್ನೇ ನೋಡಿ. 1844ರಲ್ಲಿ ಪ್ಯಾರಿಸಿನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಥೆಯಿದು. (ಮುಂದಿನ ಕಂತಿಗಾಗಿ ಕಾಯುವ ಕಾತರವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕೆ?) ಗ್ಯಾಸ್ಕನಿ ಪ್ರಾಂತದಿಂದ ರಾಜಧಾನಿಗೆ ಬಂದ ದಾರ್ತನ್ಯಾನ್ ಎಂಬ ತರುಣನು ಒಂದೇ ಬೆಳಗಿನಲ್ಲಿ ಮೂವರು ರಾಜಭಟರನ್ನು ಕೆಣಕಿ, ಅಥೋಸನೊಡನೆ ಹನ್ನೆರಡು ಗಂಟೆಗೆ, ಪೋರ್ಥೋಸನೊಡನೆ ಒಂದಕ್ಕೆ, ಅರಾಮಿಸನೊಡನೆ ಎರಡಕ್ಕೆ ದ್ವಂದ್ವಯುದ್ಧವನ್ನು ಗೊತ್ತುಮಾಡಿಕೊಳ್ಳುತ್ತಾನೆ! ಮೊದಲ ಕತ್ತಿಗಳು ತಾಗುವಷ್ಟರಲ್ಲಿ, ಮಂತ್ರಿ ಕಾರ್ಡಿನಲ್ ರಿಶೆಲ್ಯುವಿನ ಐವರು ಕಾವಲುಭಟರು ಅವರನ್ನು ಸೆರೆಹಿಡಿಯಲು ಬರುತ್ತಾರೆ. ತರುಣನು ಯಾರ ಪಕ್ಷ? ಯೋಚಿಸಲು ಒಂದೇ ಗಳಿಗೆ; ತಪ್ಪಿದರೆ ತಲೆಯೇ ಹೋದೀತು. ತನ್ನೊಡನೆ ಕಾದಲು ಬಂದವರ ಮಗ್ಗುಲಲ್ಲೇ ಅವನು ನಿಲ್ಲುತ್ತಾನೆ. ನಾವು ‘ನಾಳೆ ನೋಡೋಣ’ ಎಂದು ವರ್ಷಗಟ್ಟಲೆ ಮುಂದೂಡುವಂಥ ನಿರ್ಧಾರವಿದು. ನನ್ನ ಮೈ ನವಿರೇಳುವುದು ಇಲ್ಲಿ. ಝಣತ್ಕಾರವು ಬರಿಯ ತಾಳ.

ಇತಿಹಾಸಕ್ಕೆ ಅಪಚಾರವಾಗಿರುವುದೇನೋ ನಿಜ. ಕಥೆ ಮೊದಲಾಗುವ 1625ರಲ್ಲಿ ನಿಜವಾದ ದಾರ್ತನ್ಯಾನ್ ಇನ್ನೂ ಬಾಲಕ. ಆತ ಮಡಿದದ್ದು 1673ರ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ. ಆದರೆ ಡ್ಯೂಮಾ ತನ್ನ ವೀರರನ್ನು ಚಿರಯೌವನದಲ್ಲಿ ಬಿಟ್ಟುಬಿಡಲಿಲ್ಲ. ಮುಂದಿನ ಕಾದಂಬರಿಗಳಲ್ಲಿ ಅವರ ಕೂದಲು ನರೆಯುತ್ತದೆ, ಪಕ್ಷಗಳು ಬೇರೆಯಾಗುತ್ತವೆ. ಪೋರ್ಥೋಸ್, ಅಥೋಸ್, ಕಡೆಗೆ ರಣರಂಗದಲ್ಲಿ ದಾರ್ತನ್ಯಾನ್ – ಒಬ್ಬೊಬ್ಬರಾಗಿ ಹೋಗುತ್ತಾರೆ. ಉಳಿಯುವವನು ಅರಾಮಿಸನೊಬ್ಬನೇ.