ಒಂದನೆಯ ತರಗತಿಯ ಬಾಗಿಲು, ಎಂಟನೆಯ ತರಗತಿಯ ಚಿಂತೆ

ದಸರೆಯ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಇನ್ನೊಂದು ಪರ್ವ ಆರಂಭವಾಗುತ್ತದೆ. ಅದಕ್ಕೆ ಪಂಚಾಂಗದಲ್ಲಿ ಹೆಸರಿಲ್ಲ. ಆದರೆ ಐದು ವರ್ಷದ ಮಗುವಿರುವ ಯಾವ ಮನೆಯೂ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಅದು ಶಾಲೆ ಹುಡುಕುವ ಪರ್ವ. ಮದುವೆಗೆ ಗಂಡು ಹುಡುಕುವವರೂ ಇಷ್ಟು ಮನೆಗಳ ಮೆಟ್ಟಿಲು ಹತ್ತಿರಲಾರರು.

ರಾಜಾಜಿನಗರದ ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಬಹುದು. ತಂದೆ ಬ್ಯಾಂಕಿನಲ್ಲಿ ಉದ್ಯೋಗಿ, ತಾಯಿ ವಿಮಾ ಕಚೇರಿಯಲ್ಲಿ ಗುಮಾಸ್ತೆ, ಮನೆಯಲ್ಲಿ ಅಜ್ಜಿ. ಮಗಳಿಗೆ ಬರುವ ಜೂನ್ ಹೊತ್ತಿಗೆ ಆರು ತುಂಬುತ್ತದೆ. ಅವರ ಮುಂದೆ ಎರಡು ಶಾಲೆಗಳಿವೆ. ಮೊದಲನೆಯದು ಎರಡು ಅಡ್ಡರಸ್ತೆಗಳ ಆಚೆ ಇರುವ ಹಳೆಯ ಖಾಸಗಿ ಶಾಲೆ; ಅಂಗಳದಲ್ಲಿ ಒಂದು ಹೊಂಗೆಯ ಮರ, ಹೆಂಚಿನ ಕೊಠಡಿಗಳು, ಮಿತವಾದ ಶುಲ್ಕ. ಆದರೆ ಅದು ಏಳನೆಯ ತರಗತಿಗೆ ಮುಗಿಯುತ್ತದೆ. ಎರಡನೆಯದು ಊರಿನ ಹೊರವಲಯದಲ್ಲಿರುವ ದೊಡ್ಡ ಶಾಲೆ. ಅಲ್ಲಿ ಹತ್ತನೆಯ ತರಗತಿಯವರೆಗೆ ವ್ಯವಸ್ಥೆಯಿದೆ. ಶುಲ್ಕ ಮೂರು ಪಟ್ಟು. ಬೆಳಗ್ಗೆ ಏಳು ಗಂಟೆಗೇ ಬಸ್ಸು ಹತ್ತಬೇಕು.

“ಈಗ ಹತ್ತಿರದ ಶಾಲೆಗೆ ಹಾಕಿಬಿಟ್ಟು ಎಂಟನೇ ಕ್ಲಾಸಿಗೆ ಬಂದಾಗ ಎಲ್ಲಿ ಅಲೆಯೋಣ? ಆಗ ಸೀಟು ಸಿಗದಿದ್ದರೆ?” ಎಂಬುದು ತಂದೆಯ ವಾದ.

“ಏಳು ವರ್ಷದ ನಂತರದ ಸೀಟಿಗಾಗಿ ಈ ಏಳು ವರ್ಷ ಮಗು ದಿನಾ ಎರಡು ಗಂಟೆ ಬಸ್ಸಿನಲ್ಲಿ ಕೂರಬೇಕೇನ್ರೀ?” ಎಂಬುದು ತಾಯಿಯ ಪ್ರಶ್ನೆ.

ಅಜ್ಜಿಯದು ಬೇರೊಂದು ಲೆಕ್ಕ. “ನೀನು ಓದಿದ್ದು ಮೂರು ಶಾಲೆ ಕಣೋ. ಒಂದರಲ್ಲೂ ನಿನ್ನನ್ನು ಬೀದಿಗೆ ಬಿಡಲಿಲ್ಲವಲ್ಲ” ಎಂದು ಅವರು ಮಗನಿಗೆ ನೆನಪು ಮಾಡುತ್ತಾರೆ.

ಮೂವರ ಮಾತಿನಲ್ಲಿಯೂ ಸತ್ಯವಿದೆ. ಹೀಗಿರುವಾಗ ಯಾರ ಭಯ ಎಷ್ಟು ನಿಜವೆಂಬುದನ್ನು ಅಳೆದು ನೋಡುವುದೇ ವಿವೇಕ.

ಕನ್ನಡ ನಾಡಿನ ಶಿಕ್ಷಣದ ಮಹಡಿ ಹಿಂದಿನಿಂದಲೂ ಮೂರು ಅಂತಸ್ತಿನದು: ಪ್ರಾಥಮಿಕ, ಮಾಧ್ಯಮಿಕ, ಪ್ರೌಢ. ಒಂದೊಂದು ಅಂತಸ್ತು ಒಂದೊಂದು ಕಟ್ಟಡದಲ್ಲಿರುವುದು ನಮ್ಮ ಹಿರಿಯರಿಗೆ ವಿಚಿತ್ರವೆನಿಸುತ್ತಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಾಲೆಯಲ್ಲಿ ಓದಿದ ಬಾಲಕನೊಬ್ಬನು 1935ರಲ್ಲಿ ಕಾಲ್ನಡಿಗೆಯಲ್ಲಿಯೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲಿಗೆ ಸೇರಿದನು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರೇ ಆ ಬಾಲಕ. ಅವರ ಕಾಲ ಬೇರೆ, ಈಗಿನ ಪೈಪೋಟಿ ಬೇರೆ ಎಂದು ಹೇಳಬಹುದು. ಹೌದು, ಆದರೆ ಅವರ ಕಾಲದಲ್ಲಿ ಇಲ್ಲದಿದ್ದ ಒಂದು ವಸ್ತು ಈಗಿನ ಮಕ್ಕಳ ಬೆನ್ನಿಗಿದೆ. ಅದು ಕಾನೂನು.

2009ರ ಶಿಕ್ಷಣ ಹಕ್ಕಿನ ಅಧಿನಿಯಮವು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಒಂದರಿಂದ ಎಂಟನೆಯ ತರಗತಿಯವರೆಗಿನ ಓದನ್ನು ಅದು ‘ಪ್ರಾರಂಭಿಕ ಶಿಕ್ಷಣ’ವೆಂದು ಕರೆಯುತ್ತದೆ. ಇಲ್ಲಿಯೇ ತಂದೆತಾಯಂದಿರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕರ್ನಾಟಕದ ರೂಢಿಯಲ್ಲಿ ಎಂಟನೆಯ ತರಗತಿಯು ಪ್ರೌಢಶಾಲೆಯ ಮೊದಲನೆಯ ಮೆಟ್ಟಿಲು. ಕಾನೂನಿನ ಕಣ್ಣಿನಲ್ಲಿ ಅದು ಪ್ರಾರಂಭಿಕ ಶಿಕ್ಷಣದ ಕೊನೆಯ ಮೆಟ್ಟಿಲು. ಆದುದರಿಂದ ಏಳನ್ನು ಮುಗಿಸಿ ಎಂಟಕ್ಕೆ ಬೇರೆ ಶಾಲೆ ಸೇರುವ ಮಗು ಇನ್ನೂ ಕಾನೂನಿನ ಕೊಡೆಯ ಕೆಳಗೇ ಇರುತ್ತದೆ. ಆ ಅಧಿನಿಯಮದ 13ನೆಯ ಪ್ರಕರಣದಂತೆ ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ, ವಂತಿಗೆಯನ್ನು ಕೇಳುವಂತಿಲ್ಲ. ಪರೀಕ್ಷಿಸಿದರೆ ಮೊದಲ ಸಲ 25,000 ರೂಪಾಯಿ, ಅನಂತರ ಪ್ರತಿ ಸಲವೂ 50,000 ರೂಪಾಯಿಯವರೆಗೆ ದಂಡ. ವಂತಿಗೆ ಪಡೆದರೆ ಆ ಹಣದ ಹತ್ತರಷ್ಟರವರೆಗೆ ದಂಡ.

5ನೆಯ ಪ್ರಕರಣ ಇನ್ನೂ ಹತ್ತಿರದ ವಿಷಯವನ್ನು ಹೇಳುತ್ತದೆ. ಓದುತ್ತಿರುವ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ವ್ಯವಸ್ಥೆಯಿಲ್ಲದಿದ್ದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವುದು ಮಗುವಿನ ಹಕ್ಕು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಒಡನೆಯೇ ಕೊಡಬೇಕು. ಅದು ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಅಂದಮೇಲೆ “ಎಂಟಕ್ಕೆ ಎಲ್ಲಿಯೂ ಸೀಟು ಸಿಗದಿದ್ದರೆ?” ಎಂಬ ಪ್ರಶ್ನೆಗೆ ಉತ್ತರವಿದೆ. ‘ಬೇಕೆಂದ ಖಾಸಗಿ ಶಾಲೆಯಲ್ಲಿ ಸಿಗದಿರಬಹುದು’ ಎಂಬುದು ನಿಜವಾದ ಭಯ. ‘ಎಲ್ಲಿಯೂ ಸಿಗದು’ ಎಂಬುದು ಕಲ್ಪನೆಯ ಭಯ. ಇವೆರಡರ ನಡುವಣ ಅಂತರವನ್ನು ತಿಳಿದವರ ನಿದ್ದೆ ಅರ್ಧ ಹಿಂದಿರುಗುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಮಾತು ಮಾತ್ರ ಬೇರೆ: ಅವುಗಳಿಗೆ ಈ ಅಧಿನಿಯಮ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪು ನೀಡಿತು.

ಕೊಡೆಗೂ ಅಂಚೊಂದಿದೆ. ಒಂಬತ್ತನೆಯ ತರಗತಿಗೆ ಕಾಲಿಟ್ಟೊಡನೆ ಮಗು ಅದರಿಂದ ಹೊರಕ್ಕೆ ಬರುತ್ತದೆ. ಇದರ ಪೆಟ್ಟನ್ನು ಮೊದಲು ಉಂಡವರು ಬಡವರು. ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡುವ ಪದ್ಧತಿ ಕರ್ನಾಟಕದಲ್ಲಿ 2012-13ರಲ್ಲಿ ಆರಂಭವಾಯಿತು. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು 2020-21ರಲ್ಲಿ ಒಂಬತ್ತಕ್ಕೆ ಬಂದರು. ಎಂಟು ವರ್ಷ ಕೂತ ಬೆಂಚಿನಲ್ಲೇ ಕೂರಬೇಕಾದರೆ ಇನ್ನು ಮೇಲೆ ಪೂರ್ತಿ ಶುಲ್ಕ ತೆರಬೇಕೆಂದು ತಿಳಿದಾಗ, ಆಟೋ ಓಡಿಸುವವರ, ಮನೆಗೆಲಸದವರ ಮನೆಗಳಲ್ಲಿ ಆದ ಸಂಕಟವನ್ನು ವಿವರಿಸಬೇಕಾಗಿಲ್ಲ. ಅದೂ ಕೊರೋನಾ ಕಾಲ. ಸಂಪಾದನೆ ನಿಂತಿದ್ದ ಕಾಲ. ‘ಹೈಸ್ಕೂಲು ಇರುವ ಶಾಲೆಗೇ ಸೇರಿಸಿದ್ದೇವೆ, ಇನ್ನು ಚಿಂತೆಯಿಲ್ಲ’ ಎಂದುಕೊಂಡವರಿಗೆ ಆ ಹೈಸ್ಕೂಲಿನ ಬಾಗಿಲೇ ಗೋಡೆಯಾಯಿತು. ಶಾಲೆಯಲ್ಲಿ ಹತ್ತನೆಯ ತರಗತಿ ಇರುವುದು ಬೇರೆ, ಅದು ನಮ್ಮ ಮಗುವಿಗೆ ದೊರೆಯುವುದು ಬೇರೆ. ಶುಲ್ಕ ತೆರುವ ಮನೆಗಳೂ ಈ ಪಾಠವನ್ನು ಕಲಿಯಬೇಕಾಗಿದೆ. ಒಂದನೆಯ ತರಗತಿಯ ಶುಲ್ಕವನ್ನಲ್ಲ, ಒಂಬತ್ತನೆಯ ತರಗತಿಯ ಶುಲ್ಕವನ್ನು ಮೊದಲೇ ಕೇಳಬೇಕು.

ಎರಡನೆಯ ವಿಷಯ ಪಠ್ಯಕ್ರಮ. ರಾಜ್ಯದ ಎಸ್.ಎಸ್.ಎಲ್.ಸಿ., ಕೇಂದ್ರದ ಸಿ.ಬಿ.ಎಸ್.ಇ., ಇವಲ್ಲದೆ ಐ.ಸಿ.ಎಸ್.ಇ. ಎಂದು ಮೂರು ದಾರಿಗಳಿವೆ. ಚಿಕ್ಕ ತರಗತಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವುದು ಕಾಲುವೆ ದಾಟಿದಂತೆ. ಒಂಬತ್ತು ಕಳೆದ ಮೇಲೆ ಹೊಳೆ ದಾಟಿದಂತೆ. ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಎರಡರಲ್ಲಿಯೂ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಮಕ್ಕಳ ಹೆಸರು ಒಂಬತ್ತನೆಯ ತರಗತಿಯಲ್ಲೇ ಮಂಡಳಿಯಲ್ಲಿ ದಾಖಲಾಗಬೇಕು. ಆದುದರಿಂದ ಶಾಲೆ ಬದಲಿಸುವ ಮನಸ್ಸಿದ್ದವರು ಎಂಟರ ಅಥವಾ ಹೆಚ್ಚೆಂದರೆ ಒಂಬತ್ತರ ಆರಂಭಕ್ಕೆ ಬದಲಿಸುವುದು ಕ್ಷೇಮ. ಈ ದೃಷ್ಟಿಯಿಂದ ನೋಡಿದರೆ ಏಳಕ್ಕೆ ಮುಗಿಯುವ ಶಾಲೆಯು ಬದಲಾವಣೆಗೆ ತಕ್ಕ ಕಾಲದಲ್ಲಿಯೇ ಮಗುವನ್ನು ಬೀಳ್ಕೊಡುತ್ತದೆ.

ಫಲಕವನ್ನು ನಂಬಿ ಕೆಟ್ಟವರೂ ಉಂಟು. 2023ರ ಆರಂಭದಲ್ಲಿ, ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯುವುದೆಂದು ಪ್ರಕಟವಾದಾಗ, ಬೆಂಗಳೂರಿನ ಕೆಲವು ಶಾಲೆಗಳ ಗುಟ್ಟು ರಟ್ಟಾಯಿತು. ಕೇಂದ್ರದ ಪಠ್ಯಕ್ರಮವೆಂದು ಶುಲ್ಕ ತೆತ್ತು ಓದಿಸುತ್ತಿದ್ದ ತಂದೆತಾಯಂದಿರಿಗೆ, ಆ ಶಾಲೆಗಳಿಗಿದ್ದುದು ರಾಜ್ಯ ಪಠ್ಯಕ್ರಮದ ಮಾನ್ಯತೆ ಮಾತ್ರವೆಂದು ಆಗ ತಿಳಿದುಬಂದಿತು. ಮಕ್ಕಳು ವರ್ಷವಿಡೀ ಓದಿದ್ದು ಒಂದು ಪುಸ್ತಕ, ಪರೀಕ್ಷೆ ಇನ್ನೊಂದು ಪುಸ್ತಕದ ಮೇಲೆ! ಗೇಟಿನ ಮುಂದೆ ನಿಂತು ಕೂಗಾಡಿದರೂ ಕಳೆದ ವರ್ಷ ಹಿಂದಿರುಗಲಿಲ್ಲ. ಮಾನ್ಯತೆಯ ಆದೇಶವನ್ನು ತೋರಿಸಿರೆಂದು ಕೇಳುವುದು ಅವಿನಯವಲ್ಲ. ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ, ಯಾವ ಪಠ್ಯಕ್ರಮಕ್ಕೆ ಮಾನ್ಯತೆ ದೊರೆತಿದೆಯೆಂಬುದನ್ನು ಓದಿ ನೋಡಬೇಕು. ತೋರಿಸಲು ಹಿಂದೆಮುಂದೆ ನೋಡುವ ಶಾಲೆಯ ವಿಷಯವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಮೂರನೆಯದು ಭಾಷೆ. ಸರ್ಕಾರದಿಂದ ನೆರವು ಪಡೆಯದ ಖಾಸಗಿ ಶಾಲೆಗಳ ಮೇಲೆ ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದ ಮೇಲೆ ಮಾಧ್ಯಮದ ಆಯ್ಕೆ ಮನೆಯವರ ಕೈಗೆ ಬಂದಿದೆ. ಅದರ ಹೊಣೆಯೂ ಅವರದೇ. ಏಳರವರೆಗೆ ಒಂದು ಮಾಧ್ಯಮ, ಎಂಟರಲ್ಲಿ ಇನ್ನೊಂದು ಎಂದರೆ ಗಣಿತ, ವಿಜ್ಞಾನಗಳ ಪಾರಿಭಾಷಿಕ ಪದಗಳೆಲ್ಲ ಒಮ್ಮೆಲೇ ಅಪರಿಚಿತವಾಗುತ್ತವೆ. ದಾಟಲಾಗದ ಕಷ್ಟ ಇದಲ್ಲ; ಆದರೆ ಐದು, ಆರನೆಯ ತರಗತಿಗಳಿಂದಲೇ ಸಿದ್ಧತೆ ಬೇಕು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರು ಕನ್ನಡವನ್ನು ಅಲಕ್ಷಿಸುವುದೂ ತಪ್ಪು ಲೆಕ್ಕವೇ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಕನ್ನಡವನ್ನು ಹತ್ತರವರೆಗೂ ಒಂದು ಭಾಷೆಯಾಗಿ ಕಲಿಯಬೇಕಾಗಿದೆ. ಅಲ್ಲದೆ ಎಸ್.ಎಸ್.ಎಲ್.ಸಿ.ಯಲ್ಲಿ ಬಹುಕಾಲದಿಂದ ನಡೆದುಬಂದ 625 ಅಂಕಗಳ ಲೆಕ್ಕದಲ್ಲಿ ಪ್ರಥಮ ಭಾಷೆಯೊಂದಕ್ಕೇ 125 ಅಂಕಗಳು. ತಾಯ ನುಡಿಯನ್ನು ಮೂರನೆಯ ಮೂಲೆಗೆ ತಳ್ಳಿದವರು ಈ ಅಂಕಗಳನ್ನು ತಾವೇ ಕೈಬಿಟ್ಟಂತೆ.

ಇಷ್ಟೆಲ್ಲ ಆದಮೇಲೂ ಉಳಿಯುವ ಪ್ರಶ್ನೆಯೊಂದಿದೆ: ಪ್ರೌಢಶಾಲೆಗೆ ಮಗುವನ್ನು ಸಿದ್ಧಪಡಿಸುವುದು ಯಾವುದು? ಅದೇ ಕಟ್ಟಡದಲ್ಲಿರುವ ಮೇಲಿನ ಮಹಡಿಯೇ, ಕೆಳಗಿನ ಮಹಡಿಯ ಗಟ್ಟಿತನವೇ? ಮೂರನೆಯ ತರಗತಿಯ ಮಗು ಕಾಣದ ಪುಟವೊಂದನ್ನು ತಡವರಿಸದೆ ಓದಿ ಅರ್ಥ ಹೇಳಬಲ್ಲದೆ? ಐದನೆಯ ತರಗತಿಯ ಮಗು ಭಿನ್ನರಾಶಿಯನ್ನು ಬಾಯಿಪಾಠದಿಂದಲ್ಲದೆ ರೊಟ್ಟಿಯ ತುಂಡಿನಿಂದ ವಿವರಿಸಬಲ್ಲದೆ? ಇವೆರಡು ಇದ್ದರೆ ಎಂಟನೆಯ ತರಗತಿಯ ಯಾವ ಬಾಗಿಲೂ ಬಹಳ ಎತ್ತರವಲ್ಲ. ಇಲ್ಲದಿದ್ದರೆ ಒಳಗಿನಿಂದಲೇ ಮೆಟ್ಟಿಲು ಹತ್ತಿದರೂ ಮೇಲೆ ಹೋದಮೇಲೆ ಏದುಸಿರು ತಪ್ಪದು. ಮೊದಲ ಐದು ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಇರಬೇಕೆಂದು ಕಾನೂನೇ ಹೇಳುತ್ತದೆ. ಅಮೃತಶಿಲೆಯ ನೆಲವನ್ನು ನೋಡುವ ಮೊದಲು ಬೆಂಚುಗಳಲ್ಲಿ ಕೂತ ತಲೆಗಳನ್ನು ಎಣಿಸುವುದು ಲೇಸು.

ಹೀಗೆಂದು ಹೈಸ್ಕೂಲು ಜೊತೆಗಿರುವ ಶಾಲೆಯನ್ನು ಆರಿಸುವವರೆಲ್ಲ ತಪ್ಪು ಮಾಡುತ್ತಾರೆಂದಲ್ಲ. ಹೊಸಬರೊಡನೆ ಬೆರೆಯಲು ಬಹಳ ಅಂಜುವ ಮಗುವಿಗೆ ಹತ್ತು ವರ್ಷ ಒಂದೇ ಅಂಗಳ ಹಿತವಾಗಬಹುದು. ಅಂಥ ಶಾಲೆ ಮನೆಯ ಹತ್ತಿರವೇ, ಕೈಗೆಟಕುವ ಶುಲ್ಕದಲ್ಲೇ ಸಿಕ್ಕಿದರೆ ಬಿಡುವುದೇಕೆ? ದೂರ, ಸಾಲ, ನಿದ್ದೆಗೆಟ್ಟ ಮಗು ಇವೆಲ್ಲವನ್ನೂ ತೆತ್ತು ಆ ಭದ್ರತೆಯನ್ನು ಕೊಳ್ಳಬೇಕಾದಾಗ ಮಾತ್ರ ಬೆಲೆ ತುಸು ಹೆಚ್ಚಾಯಿತೇ ಎಂದು ಕೇಳಿಕೊಳ್ಳಬೇಕು.

ರಾಜಾಜಿನಗರದ ದಂಪತಿಗಳು ಒಂದು ಶನಿವಾರ ಹತ್ತಿರದ ಶಾಲೆಗೆ ಹೋದರು. ತಂದೆ ಕೇಳಿದ ಪ್ರಶ್ನೆ ಒಂದೇ: “ಮೇಡಂ, ಹೋದ ವರ್ಷ ಇಲ್ಲಿ ಏಳು ಮುಗಿಸಿದ ಮಕ್ಕಳು ಈಗ ಎಲ್ಲಿದ್ದಾರೆ?”

ಮುಖ್ಯೋಪಾಧ್ಯಾಯಿನಿಯವರು ಉತ್ತರ ಹೇಳುವ ಬದಲು ಬೀರುವಿನಿಂದ ಒಂದು ನೋಟುಪುಸ್ತಕವನ್ನು ತೆಗೆದು ಮುಂದಿಟ್ಟರು. ಪ್ರತಿ ಮಗುವಿನ ಹೆಸರಿನ ಎದುರು ಅದು ಸೇರಿದ ಪ್ರೌಢಶಾಲೆಯ ಹೆಸರು. ಕೆಲವರು ಅನುದಾನಿತ ಶಾಲೆಗೆ, ಕೆಲವರು ಸರ್ಕಾರಿ ಶಾಲೆಗೆ, ಕೆಲವರು ದೊಡ್ಡ ಖಾಸಗಿ ಶಾಲೆಗೆ. ಒಂದು ಹೆಸರಿನ ಎದುರು ಮಾತ್ರ ಜಾಗ ಖಾಲಿಯಿತ್ತು. “ಇವರ ತಂದೆಗೆ ವರ್ಗವಾಯಿತು. ಯಾವ ಶಾಲೆಗೆ ಸೇರಿಸಿದರೋ ಕಾಗದ ಬಂದಿಲ್ಲ. ಹುಡುಗ ಲೆಕ್ಕದಲ್ಲಿ ಚುರುಕು. ವಿಚಾರಿಸುತ್ತಿದ್ದೇನೆ” ಎಂದರು ಅವರು.

ಹಿಂದಿರುಗುವಾಗ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: “ಶುಲ್ಕದಲ್ಲಿ ಉಳಿಯುವ ಹಣವನ್ನು ತಿಂಗಳು ತಿಂಗಳು ಅಂಚೆ ಕಚೇರಿಯಲ್ಲಿ ಹಾಕೋಣ. ಎಂಟನೇ ಕ್ಲಾಸಿಗೆ ಬೇಕಾಗುತ್ತದೆ.”

ತಾಯಿ ನಕ್ಕರು. ಚಿಂತೆ ಮುಗಿದಿರಲಿಲ್ಲ, ಏಳು ವರ್ಷ ಮುಂದಕ್ಕೆ ಹೋಗಿ, ತನ್ನ ಸ್ವಸ್ಥಾನದಲ್ಲಿ ಕುಳಿತಿತ್ತು. ಆ ವೇಳೆಗೆ ಆ ಮಗುವಿಗೆ ಹದಿಮೂರು ತುಂಬಿರುತ್ತದೆ. ತನಗೆ ಯಾವ ಶಾಲೆ ಬೇಕೆಂದು ಹೇಳಲು ಅವಳಿಗೂ ಬಾಯಿ ಬಂದಿರುತ್ತದೆ. ಅಂದು ಅವಳ ಮಾತನ್ನೂ ಕೇಳುವ ವ್ಯವಧಾನ ಮನೆಯಲ್ಲಿ ಉಳಿದಿದ್ದರೆ ಸಾಕು.